ನಡುವಿನ ಜಾಗದ ಚಿತ್ರ: ಅಪರಿಚಿತರ ನಡುವಣ ಅಂತರವನ್ನು ಬರೆದು ನೋಡುವ ಕ್ರಮ

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಖಾಲಿ ಬೆಂಚೊಂದಕ್ಕೆ ಮೊದಲು ಬಂದವರು ಸಾಮಾನ್ಯವಾಗಿ ಒಂದು ತುದಿಯಲ್ಲಿ ಕೂರುತ್ತಾರೆ, ಎರಡನೆಯವರು ಇನ್ನೊಂದು ತುದಿಯಲ್ಲಿ. ಮೂರನೆಯವರು ಬಂದಾಗ ಕೂರುವ ಮುನ್ನ ಒಂದು ಕ್ಷಣ ನಿಂತು ನೋಡುತ್ತಾರೆ. ಕೂತಿದ್ದವರಲ್ಲಿ ಒಬ್ಬರು ಪಕ್ಕದಲ್ಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರೆ ಅದೇ ಒಪ್ಪಿಗೆ. ಯಾರೂ ಒಂದು ಮಾತನ್ನೂ ಆಡದೆ ಮೂವರು ಅಪರಿಚಿತರು ಆರು ಅಡಿ ಜಾಗವನ್ನು ಹಂಚಿಕೊಂಡಿರುತ್ತಾರೆ. ಈ ಮಾತಿಲ್ಲದ ಹಂಚಿಕೆಯನ್ನು ಕಣ್ಣಿಗೆ ಕಾಣುವಂತೆ ಮಾಡಲು ಚಿತ್ರಕಲೆಯಷ್ಟು ಸರಿಯಾದ ಸಾಧನ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಚಿತ್ರ ಕಲಿಯುತ್ತಿರುವವರು, ಶಾಲಾ ಕಾಲೇಜಿನ ಕಲಾ ಶಿಕ್ಷಕರು, ಕೈಯಲ್ಲಿ ಒಂದು ನೋಟ್‌ಬುಕ್ ಇರುವ ಯಾರೇ ಆದರೂ ನಾಲ್ಕೈದು ವಾರಗಳಲ್ಲಿ ಮಾಡಿ ಮುಗಿಸಬಹುದಾದ ಕೆಲಸವೊಂದನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ.

ಕೆಲಸಕ್ಕೆ ಇಳಿಯುವ ಮುನ್ನ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ವ್ಯತ್ಯಾಸವೊಂದಿದೆ. ನಮ್ಮ ಭಾಷೆಯಲ್ಲಿ ‘ದೂರ ಇರುವುದು’ ಎಂಬ ಮಾತಿದೆ, ‘ದೂರ ಇಡುವುದು’ ಎಂಬ ಮಾತೂ ಇದೆ. ಒಂದೇ ಅಕ್ಷರ ಬದಲಾಗಿದೆ, ಅರ್ಥ ಪೂರ್ತಿ ಬದಲಾಗಿದೆ. ಮೊದಲನೆಯದು ಒಬ್ಬ ವ್ಯಕ್ತಿ ತನಗಾಗಿ ಆರಿಸಿಕೊಂಡ ಜಾಗ, ಎರಡನೆಯದು ಇನ್ನೊಬ್ಬರು ಆ ವ್ಯಕ್ತಿಯ ಮೇಲೆ ಹೇರಿದ ಜಾಗ. ಅಳತೆಪಟ್ಟಿ ಹಿಡಿದು ನೋಡಿದರೆ ಎರಡೂ ಒಂದೇ ಬರಬಹುದು. ಈ ಎರಡನ್ನು ಬೇರೆ ಬೇರೆಯಾಗಿ ತೋರಿಸಬಲ್ಲ ಚಿತ್ರವನ್ನು ಬರೆಯುವುದೇ ಈ ಇಡೀ ಅಭ್ಯಾಸದ ಗುರಿ.

ಅಳತೆಗೋಲು ನಿಮ್ಮ ಮೈಯಲ್ಲೇ ಇದೆ

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ 1960ರ ದಶಕದಲ್ಲಿ ಮನುಷ್ಯರ ನಡುವಣ ಅಂತರವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದರು. ಸುಮಾರು 45 ಸೆಂಟಿಮೀಟರ್ ಒಳಗಿನದು ಆಪ್ತ ವಲಯ, ಅಲ್ಲಿಂದ 1.2 ಮೀಟರ್‌ವರೆಗೆ ವೈಯಕ್ತಿಕ ವಲಯ, 1.2ರಿಂದ 3.6 ಮೀಟರ್‌ವರೆಗೆ ಸಾಮಾಜಿಕ ವಲಯ, ಅದರಾಚೆಯದು ಸಾರ್ವಜನಿಕ ವಲಯ. ಈ ಅಂಕಿಗಳು ಮುಖ್ಯವಾಗಿ ಅಮೆರಿಕದ ಈಶಾನ್ಯ ಕರಾವಳಿಯ ಮಧ್ಯಮ ವರ್ಗದವರನ್ನು ನೋಡಿ ಬರೆದವು ಎಂದು ಹಾಲ್ ಅವರೇ ಹೇಳಿದ್ದಾರೆ. ಆದ್ದರಿಂದ ಅವನ್ನು ನಿಯಮವೆಂದು ಭಾವಿಸದೆ ಹೋಲಿಸಿ ನೋಡಲು ಇರುವ ಗುರುತುಗಳೆಂದು ಮಾತ್ರ ಇಟ್ಟುಕೊಳ್ಳಿ.

ಸೆಂಟಿಮೀಟರಿಗಿಂತ ನಮಗೆ ಹತ್ತಿರದ ಅಳತೆ ಇನ್ನೊಂದಿದೆ. ಕೆ.ಆರ್. ಮಾರುಕಟ್ಟೆಯಲ್ಲಿ ಹೂವು ಮಾರುವವರು ಮೊಳ ಮತ್ತು ಮಾರುಗಳಲ್ಲಿ ಅಳೆಯುತ್ತಾರೆ. ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಮೊಳ ಸರಿಸುಮಾರು 45 ಸೆಂಟಿಮೀಟರ್, ಅಂದರೆ ಹಾಲ್ ಹೇಳಿದ ಆಪ್ತ ವಲಯದ ಅಂಚು. ಎರಡೂ ಕೈಗಳನ್ನು ಪೂರ್ತಿ ಚಾಚಿದಾಗ ಸಿಗುವ ಮಾರು ನಾಲ್ಕು ಮೊಳ, ಅಂದರೆ ಸುಮಾರು ಆರು ಅಡಿ. ಸಾಮಾಜಿಕ ವಲಯದ ಹೊರ ಅಂಚು ಎರಡು ಮಾರು. ಮೈಯಿಂದಲೇ ಹುಟ್ಟಿದ ಅಳತೆಯಾದ್ದರಿಂದ ಮೈಗಳ ನಡುವಣ ಜಾಗಕ್ಕೆ ಇದು ಸಹಜವಾಗಿ ಹೊಂದುತ್ತದೆ. ದೂರದಿಂದ ನೋಡುವಾಗಲೂ ‘ಆ ಇಬ್ಬರ ನಡುವೆ ಒಂದೂವರೆ ಮೊಳವಿದೆ’ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಎರಡು ದಿನಗಳಲ್ಲಿ ಅಭ್ಯಾಸವಾಗುತ್ತದೆ. ಮನೆಯಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಮೊಳ, ಎರಡು ಮೊಳ, ಒಂದು ಮಾರು ಎಂದು ಗುರುತು ಹಾಕಿ, ಎದುರಿನ ಮೂಲೆಯಿಂದ ನೋಡಿ ಕಣ್ಣಿಗೆ ಪಾಠ ಮಾಡಿಕೊಳ್ಳಿ.

ಮೊದಲ ಹೆಜ್ಜೆ: ಒಂದೇ ಜಾಗ, ಒಂದು ವಾರ

ಒಂದು ಜಾಗವನ್ನು ಆರಿಸಿಕೊಳ್ಳಿ. ಬಸ್ ನಿಲ್ದಾಣದ ಒಂದು ಬೆಂಚು, ಸರ್ಕಾರಿ ಆಸ್ಪತ್ರೆಯ ಚೀಟಿ ಕೊಡುವ ಸಾಲು, ಕಬ್ಬನ್ ಪಾರ್ಕಿನ ಒಂದು ಕಲ್ಲುಬೆಂಚು, ನಿಂತು ತಿನ್ನುವ ದರ್ಶಿನಿಯ ಒಂದು ಮೇಜು, ಯಾವುದಾದರೂ ಆದೀತು. ಊರೆಲ್ಲ ಸುತ್ತಿ ಹತ್ತು ಜಾಗಗಳಲ್ಲಿ ಒಂದೊಂದು ಚಿತ್ರ ಬರೆದರೆ ಹತ್ತು ನೋಟಗಳು ಸಿಗುತ್ತವೆ, ಆದರೆ ಅಂತರ ಹೇಗೆ ಬದಲಾಗುತ್ತದೆ ಎಂಬುದು ಸಿಗುವುದಿಲ್ಲ. ಒಂದೇ ಬೆಂಚನ್ನು ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ ನೋಡಿದವರಿಗೆ ಮಾತ್ರ ಬೆಳಗ್ಗೆ ಮೂವರಿಗೆ ಸಾಕಾದ ಬೆಂಚು ಸಂಜೆ ಐವರಿಗೆ ಹೇಗೆ ಸಾಕಾಗುತ್ತದೆ ಎಂಬುದು ತಿಳಿಯುತ್ತದೆ. ಮೊದಲ ಎರಡು ದಿನ ಪೆನ್ಸಿಲ್ ಹೊರತೆಗೆಯಬೇಡಿ. ಬರೆಯಲು ಆರಂಭಿಸಿದೊಡನೆ ನಮ್ಮ ಕಣ್ಣು ಮುಖಗಳ ಕಡೆ ಓಡುತ್ತದೆ, ಈ ಕೆಲಸದಲ್ಲಿ ನಮಗೆ ಮುಖ ಬೇಡ.

ಎರಡನೆಯ ಹೆಜ್ಜೆ: ಮೇಲಿನಿಂದ ಕಂಡ ನಕ್ಷೆ

ಬೇಕಾಗುವುದು ಒಂದು ಗ್ರಾಫ್ ಹಾಳೆ, ಹನ್ನೆರಡು ಬಟರ್ ಪೇಪರ್ ಹಾಳೆಗಳು, ಎರಡು ಕ್ಲಿಪ್ಪು, ಒಂದು ಗಟ್ಟಿ ರಟ್ಟು ಮತ್ತು ಮೃದುವಾದ ಪೆನ್ಸಿಲ್. ಎರಡು ಸೆಂಟಿಮೀಟರಿಗೆ ಒಂದು ಮೊಳ ಎಂಬ ಪ್ರಮಾಣ ಇಟ್ಟುಕೊಂಡರೆ ಆರು ಅಡಿಯ ಬೆಂಚು ಹಾಳೆಯ ಮೇಲೆ ಎಂಟು ಸೆಂಟಿಮೀಟರ್ ಆಗುತ್ತದೆ, ಸುತ್ತಲಿನ ಜಾಗಕ್ಕೂ ಸ್ಥಳ ಉಳಿಯುತ್ತದೆ. ಬೆಂಚು, ಕಂಬ, ಬಸ್ಸು ನಿಲ್ಲುವ ಅಂಚು, ನೆರಳಿನ ಗಡಿ, ಇಷ್ಟನ್ನು ಗ್ರಾಫ್ ಹಾಳೆಯಲ್ಲಿ ಶಾಯಿಯಿಂದ ಬರೆದುಕೊಳ್ಳಿ. ಅದರ ಮೇಲೆ ಬಟರ್ ಪೇಪರ್ ಇಟ್ಟು, ಐದು ನಿಮಿಷಕ್ಕೊಂದರಂತೆ ಒಂದು ಗಂಟೆಯಲ್ಲಿ ಹನ್ನೆರಡು ಹಾಳೆಗಳಲ್ಲಿ ಜನರ ಸ್ಥಾನವನ್ನು ಗುರುತಿಸುತ್ತಾ ಹೋಗಿ. ಪ್ರತಿಯೊಬ್ಬರಿಗೂ ಒಂದು ಮೊಟ್ಟೆಯಾಕಾರ, ಮುಖ ತಿರುಗಿರುವ ದಿಕ್ಕಿಗೆ ಒಂದು ಸಣ್ಣ ಗೆರೆ, ಚೀಲಕ್ಕೆ ಒಂದು ಚೌಕ, ಇಷ್ಟೇ ಸಾಕು.

ಮುಖದ ದಿಕ್ಕಿನ ಆ ಸಣ್ಣ ಗೆರೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಬೆನ್ನಿಗೆ ಬೆನ್ನು ಕೊಟ್ಟು ಅರ್ಧ ಮೊಳದಲ್ಲಿ ನಿಂತವರು ಒಬ್ಬರಿಗೊಬ್ಬರು ಹತ್ತಿರವಿದ್ದಾರೆ ಎನ್ನಿಸುವುದಿಲ್ಲ, ಎದುರುಬದುರಾಗಿ ಎರಡು ಮೊಳದಲ್ಲಿ ಕೂತವರು ಆದಷ್ಟು ಬೇಗ ಕಣ್ಣು ತಪ್ಪಿಸುತ್ತಾರೆ. ಮೆಟ್ರೊ ಬೋಗಿಯ ಎದುರುಬದುರು ಸಾಲುಗಳಲ್ಲಿ ಕೂತ ಜನ ಮೊಬೈಲಿನ ಕಡೆ ಬಾಗುವುದಕ್ಕೆ ಮೊಬೈಲಿನ ಆಕರ್ಷಣೆ ಮಾತ್ರ ಕಾರಣವಲ್ಲ. ನೋಟವನ್ನು ಇಡಲು ಬೇರೆ ಜಾಗವಿಲ್ಲದಿರುವುದೂ ಒಂದು ಕಾರಣ.

ಗಂಟೆ ಮುಗಿದ ಮೇಲೆ ನಾಲ್ಕು ನಾಲ್ಕು ಹಾಳೆಗಳನ್ನು ಒಟ್ಟಿಗೆ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಹೆಚ್ಚು ಹಾಳೆ ಸೇರಿಸಿದರೆ ಬೆಳಕು ಹಾಯುವುದಿಲ್ಲ. ಮೊಟ್ಟೆಗಳು ಒಂದರ ಮೇಲೊಂದು ಬಿದ್ದ ಕಡೆ ಕಪ್ಪಾಗಿಯೂ ಯಾರೂ ಕಾಲಿಡದ ಕಡೆ ಬಿಳಿಯಾಗಿಯೂ ಕಾಣುತ್ತದೆ. ಆ ಬಿಳಿ ಭಾಗಗಳೇ ನಿಮ್ಮ ಮುಂದಿನ ಚಿತ್ರದ ವಸ್ತು.

ಮೂರನೆಯ ಹೆಜ್ಜೆ: ಜನರನ್ನು ಬಿಟ್ಟು ನಡುವನ್ನು ಬರೆಯುವುದು

ಇದು ಕಠಿಣವಾದ ಭಾಗ, ಹೆಚ್ಚು ದಿನ ಬೇಡುವ ಭಾಗವೂ ಹೌದು. ಅಕ್ಕಪಕ್ಕ ಕೂತ ಇಬ್ಬರನ್ನು ನೋಡಿ, ಆದರೆ ಅವರಿಬ್ಬರ ಬಾಹ್ಯರೇಖೆಯನ್ನು ಬರೆಯಬೇಡಿ. ಒಬ್ಬರ ಬಲ ಭುಜದಿಂದ ಇನ್ನೊಬ್ಬರ ಎಡ ಭುಜದವರೆಗೆ ಇರುವ ಖಾಲಿ ಜಾಗಕ್ಕೆ ತನ್ನದೇ ಒಂದು ಆಕಾರವಿದೆ. ಮೇಲೆ ಆಕಾಶಕ್ಕೋ ಗೋಡೆಗೋ ತೆರೆದುಕೊಂಡು, ಮೊಣಕೈಗಳ ಬಳಿ ಕಿರಿದಾಗಿ, ಸೊಂಟದ ಬಳಿ ಮತ್ತೆ ಅಗಲವಾಗಿ, ಬೆಂಚಿನ ಮೇಲೆ ನಿಲ್ಲುವ ಆ ಆಕಾರವನ್ನು ಒಂದು ಹೂಜಿಯನ್ನು ನೋಡಿದಂತೆ ನೋಡಿ. ಮೊದಲು ಅದರ ಅತ್ಯಂತ ಕಿರಿದಾದ ಬಿಂದುವನ್ನು ಹಾಳೆಯ ಮೇಲೆ ಗುರುತಿಸಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಗೆರೆ ಎಳೆದು, ಒಳಭಾಗವನ್ನು ಇದ್ದಿಲಿನಿಂದ ಅಥವಾ ಕುಂಚದ ಶಾಯಿಯಿಂದ ತುಂಬಿ. ಜನ ಬರೆಯದ ಬಿಳಿ ಹಾಳೆಯಾಗಿ ಉಳಿಯುತ್ತಾರೆ, ನಡುವಿನ ಜಾಗ ಕಪ್ಪು ದೇಹವಾಗಿ ಎದ್ದು ನಿಲ್ಲುತ್ತದೆ.

ಪ್ರತಿ ಚಿತ್ರಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ, ಏಕೆಂದರೆ ಅಷ್ಟರಲ್ಲಿ ಯಾರಾದರೂ ಕದಲಿರುತ್ತಾರೆ. ಕದಲಿದರೆ ಅಳಿಸುವ ಅಗತ್ಯವಿಲ್ಲ. ಹೊಸ ಗೆರೆಯನ್ನು ಹಳೆಯದರ ಪಕ್ಕದಲ್ಲೇ ಎಳೆಯಿರಿ, ಅಂತರ ಉಸಿರಾಡಿದ್ದು ಅಲ್ಲಿ ದಾಖಲಾಗುತ್ತದೆ. ಆರಂಭದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಮೊದಲು ಜನರನ್ನು ತೆಳುವಾಗಿ ಬರೆದುಕೊಂಡು ಆಮೇಲೆ ನಡುವನ್ನು ತುಂಬುವುದು. ಹಾಗೆ ಮಾಡಿದ ಚಿತ್ರದಲ್ಲಿ ನಡುವಿನ ಜಾಗ ಹಿನ್ನೆಲೆಯಾಗಿಯೇ ಉಳಿಯುತ್ತದೆ. ಕನಿಷ್ಠ ಐವತ್ತು ಚಿತ್ರಗಳಾದರೂ ಆಗಲಿ. ಮೂವತ್ತರ ಆಸುಪಾಸಿನಲ್ಲಿ ಕೈ ತನ್ನಷ್ಟಕ್ಕೆ ಮುಖಗಳನ್ನು ಬಿಟ್ಟುಬಿಡುವುದನ್ನು ನಾನು ಹಲವು ವಿದ್ಯಾರ್ಥಿಗಳಲ್ಲಿ ಕಂಡಿದ್ದೇನೆ.

ನಂತರ ಬಣ್ಣದ ಕೆಲಸ. ತಾವಾಗಿಯೇ ಬಿಟ್ಟುಕೊಂಡ ಅಂತರಕ್ಕೆ ಒಂದು ಬಣ್ಣ, ಬೇರೆಯವರು ಉಂಟುಮಾಡಿದ ಅಂತರಕ್ಕೆ ಇನ್ನೊಂದು, ನಿಯಮದಿಂದ ಬಂದ ಅಂತರಕ್ಕೆ ಮೂರನೆಯದು. ಬಸ್ಸಿನ ಮುಂಭಾಗದ ಮಹಿಳಾ ಆಸನಗಳು ಈ ಮೂರನೆಯ ಬಗೆಗೆ ಸೇರುತ್ತವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ನಂತರ ಬಸ್ಸಿನ ಉದ್ದಕ್ಕೂ ಮಹಿಳೆಯರು ಕೂರುವುದು, ನಿಲ್ಲುವುದು ಹೆಚ್ಚಾಗಿರುವುದರಿಂದ, ಮುಂದೆ ಹೆಂಗಸರು ಹಿಂದೆ ಗಂಡಸರು ಎಂಬ ಹಳೆಯ ಗೆರೆ ಎಲ್ಲಿ ಉಳಿದಿದೆ, ಎಲ್ಲಿ ಕರಗಿದೆ ಎಂಬುದನ್ನು ನಕ್ಷೆಯಲ್ಲಿ ಹಿಡಿಯುವುದೇ ಒಂದು ಸ್ವತಂತ್ರ ಕೆಲಸವಾದೀತು. ಯಾವ ಬಣ್ಣ ಹಾಕಬೇಕು ಎಂದು ತಿಳಿಯದ ಚಿತ್ರಗಳು ಅನೇಕ ಸಿಗುತ್ತವೆ. ಅವುಗಳಿಗೆ ಬಣ್ಣ ಹಾಕದೆ ಬೇರೆಯಾಗಿ ಇಡಿ, ಊಹಿಸಿ ಹಾಕಿದ ಬಣ್ಣ ಇಡೀ ಸರಣಿಯ ನಂಬಿಕೆಯನ್ನು ಕೆಡಿಸುತ್ತದೆ.

ನಾಲ್ಕನೆಯ ಹೆಜ್ಜೆ: ಮನುಷ್ಯರ ಬದಲಿಗೆ ಇಟ್ಟ ವಸ್ತುಗಳು

ನಿಂತ ಬಸ್ಸಿನ ಕಿಟಕಿಯಿಂದ ಒಳಗೆ ಟವೆಲ್ ಹಾಕಿ ಸೀಟು ಹಿಡಿಯುವುದು ಕರ್ನಾಟಕದಲ್ಲಿ ಎಲ್ಲರೂ ಬಲ್ಲ ಪದ್ಧತಿ. ರಾಜಕೀಯ ವರದಿಗಳಲ್ಲೂ ‘ಟವೆಲ್ ಹಾಕಿದ್ದಾರೆ’ ಎಂದು ಬರೆಯುವಷ್ಟು ಅದು ಮಾತಿನೊಳಗೆ ಸೇರಿದೆ. ಆ ಟವೆಲ್ ಒಬ್ಬ ವ್ಯಕ್ತಿಯ ಇಡೀ ದೇಹದ ಸ್ಥಾನದಲ್ಲಿ ಕೂತಿರುತ್ತದೆ, ಇತರರು ಬಹುಪಾಲು ಅದನ್ನು ಗೌರವಿಸುತ್ತಾರೆ. 2020ರಲ್ಲಿ ಕೊರೊನಾ ಕಾಲದಲ್ಲಿ ಅಂಗಡಿಗಳ ಮುಂದೆ ಸುಣ್ಣದ ಪುಡಿಯಿಂದಲೂ ಬಣ್ಣದಿಂದಲೂ ವೃತ್ತಗಳನ್ನು ಬರೆದಾಗ ಇದೇ ಬೇರೊಂದು ರೂಪದಲ್ಲಿ ಕಾಣಿಸಿತು. ಬಿಸಿಲು ತಾಳಲಾರದ ಜನ ವೃತ್ತದೊಳಗೆ ಚಪ್ಪಲಿ, ಚೀಲ, ಕಲ್ಲು ಇಟ್ಟು ತಾವು ನೆರಳಿಗೆ ಹೋಗಿ ಎಲ್ಲರೂ ಒತ್ತಾಗಿ ನಿಂತರು. ನೆಲದ ಮೇಲೆ ಚಪ್ಪಲಿಗಳ ನಡುವೆ ಅಂತರವಿತ್ತು, ಮರದಡಿ ಮನುಷ್ಯರ ನಡುವೆ ಇರಲಿಲ್ಲ. ಅಂಗಡಿಯವರು ತಮಗರಿವಿಲ್ಲದೆ ಬರೆದ ಆ ವೃತ್ತಗಳು ನಮ್ಮ ಕಾಲದ ಅತ್ಯಂತ ದೊಡ್ಡ ಸಾರ್ವಜನಿಕ ಚಿತ್ರವೆಂದು ನನಗೆ ಈಗಲೂ ಅನ್ನಿಸುತ್ತದೆ.

ಈ ಹಂತದಲ್ಲಿ ಒಂದು ವಾರ ಇಂಥ ವಸ್ತುಗಳನ್ನು ಮಾತ್ರ ಬರೆಯಿರಿ: ಗ್ರಂಥಾಲಯದ ಮೇಜಿನ ಮೇಲೆ ತೆರೆದಿಟ್ಟ ಪುಸ್ತಕ, ಪಾರ್ಕಿನ ಬೆಂಚಿನ ಮೇಲಿನ ನೀರಿನ ಬಾಟಲಿ, ರೈಲಿನ ಸೀಟಿನ ಮೇಲೆ ಹಾಸಿದ ಪತ್ರಿಕೆ. ವಸ್ತುವನ್ನು ನಿಖರವಾಗಿ ಬರೆದು, ಅದು ಕಾಯುತ್ತಿರುವ ಜಾಗದ ಎಲ್ಲೆಯನ್ನು ಚುಕ್ಕಿಗಳಲ್ಲಿ ತೋರಿಸಿ. ಹೊಸಿಲ ಮುಂದಿನ ರಂಗೋಲಿಯನ್ನೂ ಈ ಸಾಲಿಗೆ ಸೇರಿಸಬಹುದು. ಬೀದಿಯಲ್ಲಿ ಹೋಗುವ ಪರಿಚಯವಿಲ್ಲದವರೂ ಅದನ್ನು ತುಳಿಯದೆ ಬಳಸಿ ನಡೆಯುತ್ತಾರಲ್ಲ, ಅವರು ನಡೆದ ಬಾಗಿದ ದಾರಿಯನ್ನು ಬರೆಯಿರಿ.

ಇದೇ ಹಂತದಲ್ಲಿ ‘ದೂರ ಇಡುವುದರ’ ಚರಿತ್ರೆಯನ್ನು ಎದುರಿಸಬೇಕಾಗುತ್ತದೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ, ಆದರೂ ಚಹದಂಗಡಿಯಲ್ಲಿ ಬೇರೆ ಇಟ್ಟ ಲೋಟ, ಹೊರಗೇ ನಿಲ್ಲಿಸಿ ಮಾತಾಡಿಸುವ ಕ್ರಮ, ನೀರನ್ನು ಎತ್ತರದಿಂದ ಸುರಿಯುವ ಕೈ, ಇವುಗಳ ನೆನಪೂ ವರ್ತಮಾನವೂ ನಮ್ಮ ನಡುವೆ ಇವೆ. ಅಂತರವನ್ನು ಕೇವಲ ವ್ಯಕ್ತಿಯ ಸ್ವಾತಂತ್ರ್ಯವೆಂದು, ನೆಮ್ಮದಿಯೆಂದು ಬರೆಯುವ ಚಿತ್ರಸರಣಿ ಈ ನೆಲದಲ್ಲಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಯಾರ ಪಕ್ಕದ ಸೀಟು ಕೊನೆಯವರೆಗೂ ಖಾಲಿ ಉಳಿಯಿತು, ಪೌರಕಾರ್ಮಿಕರು ಬಂದು ನಿಂತಾಗ ಸಾಲು ಎಷ್ಟು ಸರಿಯಿತು ಎಂಬುದು ಕಣ್ಣಿಗೆ ಬಿದ್ದರೆ ಅದನ್ನು ನಕ್ಷೆಯಲ್ಲಿ ಬರೆಯಿರಿ. ಆದರೆ ಆ ವ್ಯಕ್ತಿಯ ಮುಖವನ್ನು, ಗುರುತನ್ನು ಬರೆಯಬೇಡಿ. ತೋರಿಸಬೇಕಾದದ್ದು ಸರಿದವರ ಚಲನೆಯನ್ನು, ಅವಮಾನಕ್ಕೆ ಒಳಗಾದವರ ಮೈಯನ್ನಲ್ಲ.

ಕ್ಯಾಮೆರಾ, ಒಪ್ಪಿಗೆ ಮತ್ತು ನಿಮ್ಮದೇ ಅಂತರ

ಅಮೆರಿಕದ ಛಾಯಾಗ್ರಾಹಕ ವಾಕರ್ ಎವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೋಟಿನೊಳಗೆ ಕ್ಯಾಮೆರಾ ಅಡಗಿಸಿಟ್ಟುಕೊಂಡು ಎದುರು ಕೂತವರ ಚಿತ್ರಗಳನ್ನು ತೆಗೆದರು. ಅವು ಪುಸ್ತಕವಾಗಿ ಬಂದದ್ದು 1966ರಲ್ಲಿ. ಚಿತ್ರಗಳು ಅಪೂರ್ವವಾಗಿವೆ, ಆದರೆ ಇಂದು ಆ ದಾರಿ ಹಿಡಿಯಬಾರದು ಎಂಬುದು ನನ್ನ ಖಚಿತ ನಿಲುವು. 2025ರ ಮೇ ತಿಂಗಳಲ್ಲಿ ಬೆಂಗಳೂರು ಮೆಟ್ರೊದಲ್ಲಿ ಮಹಿಳೆಯರನ್ನು ಅವರಿಗೆ ತಿಳಿಯದಂತೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದ ಖಾತೆಯ ವಿರುದ್ಧ ಪೊಲೀಸರು ಪ್ರಕರಣ ದಾಖಲಿಸಿದರು. ಜನರ ಜಾಗವನ್ನು ಅಧ್ಯಯನ ಮಾಡುತ್ತೇವೆಂದು ಹೊರಟವರು ಅವರ ಜಾಗವನ್ನೇ ಕದ್ದರೆ ಆ ಕೆಲಸಕ್ಕೆ ಅರ್ಥವಿಲ್ಲ. ಇದಕ್ಕೆ ಎದುರಾದ ಉದಾಹರಣೆ ಅಮೆರಿಕದ ಇನ್ನೊಬ್ಬ ಛಾಯಾಗ್ರಾಹಕ ರಿಚರ್ಡ್ ರೆನಾಲ್ಡಿ ಅವರದು. ಅವರು 2007ರಿಂದ ಬೀದಿಯಲ್ಲಿ ಸಿಕ್ಕ ಅಪರಿಚಿತರನ್ನು ಕೇಳಿ, ಒಪ್ಪಿದವರನ್ನು ಮಾತ್ರ ಒಬ್ಬರನ್ನೊಬ್ಬರು ಸ್ಪರ್ಶಿಸುವಂತೆ ನಿಲ್ಲಿಸಿ, ದೊಡ್ಡ ಕ್ಯಾಮೆರಾದಲ್ಲಿ ಬಹಿರಂಗವಾಗಿ ಚಿತ್ರ ತೆಗೆದರು. ಬೆಂಗಳೂರಿನಲ್ಲಿ 2003ರಲ್ಲಿ ಕಲಾವಿದೆ ಜಸ್ಮೀನ್ ಪಥೇಜಾ ಆರಂಭಿಸಿದ ಬ್ಲ್ಯಾಂಕ್ ನಾಯ್ಸ್ ಬಳಗವು ಮಹಿಳೆಯರು ಸಾರ್ವಜನಿಕ ಉದ್ಯಾನಗಳಲ್ಲಿ ಒಟ್ಟಾಗಿ ಮಲಗಿ ನಿದ್ರಿಸುವ ಕಾರ್ಯಕ್ರಮಗಳನ್ನು ನಡೆಸುತ್ತಾ ಬಂದಿದೆ. ಯಾರದೋ ಕಾವಲಿಲ್ಲದೆ, ಭಯವಿಲ್ಲದೆ ಒಂದು ಮೈಯಳತೆಯ ಹುಲ್ಲು ತನ್ನದಾಗುವುದು ಎಷ್ಟು ದೊಡ್ಡ ಮಾತು ಎಂಬುದನ್ನು ಅದರಷ್ಟು ಸರಳವಾಗಿ ತೋರಿಸಿದ ಕೆಲಸವನ್ನು ನಾನು ಕಂಡಿಲ್ಲ.

ಪೆನ್ಸಿಲ್ ಹಿಡಿದವರಿಗೂ ಜವಾಬ್ದಾರಿಯಿದೆ. ಒಮ್ಮೆ ನಾನು ಬರೆಯುತ್ತಿದ್ದಾಗ ಎದುರಿನ ಬೆಂಚಿನ ಮಹಿಳೆ ನನ್ನ ನೋಟವನ್ನು ಗಮನಿಸಿ ಸೆರಗು ಸರಿಮಾಡಿಕೊಂಡು ತುದಿಗೆ ಸರಿದರು. ನಾನು ಎದ್ದು ಹೋಗಿ, ‘ಕ್ಷಮಿಸಿ ಅಮ್ಮ, ಬೆಂಚಿನ ಖಾಲಿ ಜಾಗವನ್ನು ಬರೆಯುತ್ತಿದ್ದೆ, ನಿಮ್ಮನ್ನಲ್ಲ, ನೋಡಿ’ ಎಂದು ಹಾಳೆಯನ್ನು ಅವರ ಕೈಗೇ ಕೊಟ್ಟೆ. ಅವರು ನೋಡಿ ಅದನ್ನು ಮಡಚಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು. ಅಂದಿನಿಂದ ನಾನು ಎರಡು ಮಾರಿಗಿಂತ ಹತ್ತಿರ ಕೂತು ಬರೆಯುವುದಿಲ್ಲ, ನೋಟ್‌ಬುಕ್ಕನ್ನು ಮರೆಮಾಡುವುದಿಲ್ಲ, ಯಾರಾದರೂ ಅಸಮಾಧಾನಗೊಂಡರೆ ಹಾಳೆಯನ್ನು ಅವರಿಗೇ ಕೊಡುತ್ತೇನೆ.

ಐದನೆಯ ಹೆಜ್ಜೆ: ದಾರದ ಕೆಲಸ

ಇಲ್ಲಿಯವರೆಗೆ ನೋಡಿ ಬರೆದದ್ದಾಯಿತು. ಇನ್ನು ಜನರೇ ತಮ್ಮ ಅಂತರವನ್ನು ಬರೆಯುವ ಹಂತ. ಬೇಕಾದದ್ದು ಹತ್ತಿ ನೂಲಿನ ಉಂಡೆ, ಕತ್ತರಿ, ನೀಲಿ ಶಾಯಿ, ಸಣ್ಣ ಚೀಟಿಗಳು ಮತ್ತು ಒಬ್ಬರು ಸಹಾಯಕರು. ಕಾಲೇಜಿನ ಅಂಗಳ, ಜಾತ್ರೆಯ ಬಯಲು, ಬಡಾವಣೆಯ ಉದ್ಯಾನ ಇದಕ್ಕೆ ಒಳ್ಳೆಯ ಜಾಗಗಳು. ಕಬ್ಬನ್ ಪಾರ್ಕಿನಂಥ ಕಡೆ ತೋಟಗಾರಿಕೆ ಇಲಾಖೆಯ ಅನುಮತಿಯನ್ನೂ ಬಸ್ ಅಥವಾ ಮೆಟ್ರೊ ನಿಲ್ದಾಣವಾದರೆ ಆಯಾ ಆಡಳಿತದ ಅನುಮತಿಯನ್ನೂ ಬರಹದಲ್ಲಿ ಮೊದಲೇ ಪಡೆಯಿರಿ.

ಕೇಳುವ ಮಾತು ಚಿಕ್ಕದಾಗಿರಲಿ: ‘ಅಣ್ಣ, ಚಿತ್ರಕಲೆಯ ಒಂದು ಕೆಲಸ ಮಾಡ್ತಿದ್ದೀವಿ. ಪರಿಚಯ ಇಲ್ಲದವರ ಹತ್ರ ಎಷ್ಟು ದೂರದಲ್ಲಿ ನಿಂತರೆ ನಿಮಗೆ ಸರಿ ಅನ್ನಿಸುತ್ತೆ ಅಂತ ಒಂದು ದಾರದಲ್ಲಿ ಅಳೀತೀವಿ. ಹೆಸರು ಬೇಡ, ಫೋಟೊ ಇಲ್ಲ. ಬೇಡ ಅಂದ್ರೆ ಖಂಡಿತ ಬೇಡ.’ ಒಬ್ಬರಿಗೊಬ್ಬರು ಪರಿಚಯವಿಲ್ಲದ, ಇಬ್ಬರೂ ಪ್ರತ್ಯೇಕವಾಗಿ ಒಪ್ಪಿದ ಜೋಡಿಯನ್ನು ಎರಡು ಮಾರು ದೂರದಲ್ಲಿ ಎದುರುಬದುರು ನಿಲ್ಲಿಸಿ. ಜೊತೆಗಾರರ ವಿಷಯದಲ್ಲಿ ಯಾರಿಗಾದರೂ ಹಿಂಜರಿಕೆ ಕಂಡರೆ ಕಾರಣ ಕೇಳದೆ ಜೋಡಿಯನ್ನು ಬದಲಿಸಿ. ದಾರದ ಒಂದೊಂದು ತುದಿಯನ್ನು ಅವರು ತಮ್ಮ ಎದೆಯ ಬಳಿ ಹಿಡಿಯಲಿ, ಸಡಿಲವಾಗುವ ದಾರವನ್ನು ಸಹಾಯಕರು ಎಳೆದುಕೊಳ್ಳುತ್ತಾ ಹೋಗಲಿ. ಇಬ್ಬರೂ ನಿಧಾನವಾಗಿ ಹತ್ತಿರ ಬರುತ್ತಾರೆ. ಯಾರು ಯಾವಾಗ ಬೇಕಾದರೂ ‘ಸಾಕು’ ಎನ್ನಬಹುದು, ಅಂದೊಡನೆ ಇಬ್ಬರೂ ನಿಲ್ಲಬೇಕು. ನಡುವೆ ಉಳಿದ ದಾರವನ್ನು ಕತ್ತರಿಸಿ, ಮೊದಲು ‘ಸಾಕು’ ಎಂದವರ ಕಡೆಯ ತುದಿಯನ್ನು ಒಂದು ಗೇಣಿನಷ್ಟು ಶಾಯಿಯಲ್ಲಿ ಅದ್ದಿ. ಅರಿಸಿನ ಬಳಸುವ ಆಸೆ ಆಗಬಹುದು, ಆದರೆ ಅದು ಬೆಳಕಿಗೆ ಬೇಗ ಮಾಸುತ್ತದೆ. ಇಬ್ಬರೂ ಒಟ್ಟಿಗೆ ಹೇಳಿದರೆ ದಾರ ಬಿಳಿಯಾಗಿಯೇ ಉಳಿಯಲಿ. ಚೀಟಿಯಲ್ಲಿ ಸ್ಥಳ ಮತ್ತು ಹೊತ್ತನ್ನು ಮಾತ್ರ ಬರೆಯಿರಿ.

ಎದುರುಬದುರಿನ ನಂತರ, ಒಪ್ಪಿದರೆ, ಅಕ್ಕಪಕ್ಕ ನಿಂತು ಇನ್ನೊಂದು ದಾರ ತೆಗೆಯಬಹುದು. ನಡೆಯಲಾಗದವರಿಗೆ ಮತ್ತು ಎದುರು ನಿಲ್ಲಲು ಸಂಕೋಚಪಡುವವರಿಗೆ ಕಾಗದದ ದಾರಿಯಿದೆ. 2017ರಲ್ಲಿ ಪ್ರಕಟವಾದ 42 ದೇಶಗಳ ಅಧ್ಯಯನವೊಂದರಲ್ಲಿ ಸುಮಾರು 9,000 ಜನರಿಗೆ ಎರಡು ಮನುಷ್ಯಾಕೃತಿಗಳ ಚಿತ್ರ ಕೊಟ್ಟು, ನಡುವಿನ ಅಳತೆಗೆರೆಯ ಮೇಲೆ ತಮಗೆ ಸರಿಯೆನಿಸುವ ದೂರವನ್ನು ಗುರುತು ಮಾಡಿಸಿದ್ದರು. ಅದೇ ರೀತಿ ಒಂದು ಹಾಳೆಯನ್ನು ನೀವೂ ಸಿದ್ಧಪಡಿಸಿ, ಅವರು ಗುರುತಿಸಿದಷ್ಟು ದಾರವನ್ನು ಅವರೆದುರೇ ಕತ್ತರಿಸಿ.

ಕೊನೆಯ ಹೆಜ್ಜೆ: ತೂಗುಹಾಕುವುದು

1977ರಲ್ಲಿ ಇಟಲಿಯ ಬೊಲೊನ್ಯ ನಗರದ ಕಲಾಸಂಗ್ರಹಾಲಯದ ಕಿರಿದಾದ ಬಾಗಿಲಲ್ಲಿ, ತಮ್ಮ ದೇಹವನ್ನೇ ಕೃತಿಯಾಗಿ ಬಳಸುತ್ತಿದ್ದ ಕಲಾವಿದರಾದ ಮರೀನಾ ಅಬ್ರಮೊವಿಚ್ ಮತ್ತು ಉಲಾಯ್ ಎದುರುಬದುರು ಬೆತ್ತಲೆಯಾಗಿ ನಿಂತಾಗ, ಒಳಗೆ ಹೋಗುವ ಪ್ರತಿಯೊಬ್ಬರೂ ಅಡ್ಡ ತಿರುಗಿ ಇಬ್ಬರಲ್ಲಿ ಒಬ್ಬರ ಕಡೆ ಮುಖ ಮಾಡಲೇಬೇಕಾಗಿತ್ತು. ಅಂಥ ಒತ್ತಡವನ್ನು ನೀವು ಹೇರಬೇಕಾಗಿಲ್ಲ. ಆದರೆ ಪ್ರದರ್ಶನದ ಕೋಣೆಯೂ ಅಪರಿಚಿತರು ಸೇರುವ ಜಾಗ ಎಂಬುದನ್ನು ಆ ಕೃತಿ ನೆನಪಿಸುತ್ತದೆ. ಮೂರನೆಯ ಹಂತದ ಕಪ್ಪು ಚಿತ್ರಗಳನ್ನು ಅಂಚೆ ಕಾರ್ಡಿನ ಗಾತ್ರಕ್ಕೆ ಕತ್ತರಿಸಿ, ಒಂದು ಮೊಳಕ್ಕೊಂದರಂತೆ ಸಾಲಾಗಿ ಅಂಟಿಸಿದರೆ ಅವನ್ನು ನೋಡಲು ಹತ್ತಿರ ಬರಲೇಬೇಕು, ಆಗ ಇಬ್ಬರು ನೋಡುಗರ ಭುಜಗಳ ನಡುವೆಯೂ ಹೆಚ್ಚು ಜಾಗ ಉಳಿಯುವುದಿಲ್ಲ. ಒತ್ತಾಗಿ ನಿಲ್ಲಲು ಇಷ್ಟವಿಲ್ಲದವರಿಗಾಗಿ ಎದುರಿನ ಗೋಡೆಯ ಮೇಲೆ ನಕ್ಷೆಗಳನ್ನು ದೊಡ್ಡದಾಗಿ ಹಾಕಿ, ಎರಡು ಮಾರು ದೂರದಿಂದಲೂ ಕಾಣುವಂತಿರಲಿ.

ದಾರಗಳನ್ನು ಒಂದೇ ಎತ್ತರದ ಬಿದಿರಿನ ಗಳುವಿಗೆ ಕಟ್ಟಿ ಇಳಿಬಿಡಿ, ನೀಲಿ ತುದಿ ಯಾವಾಗಲೂ ಕೆಳಗಿರಲಿ. ಉದ್ದದಿಂದ ಗಿಡ್ಡಕ್ಕೆ ಜೋಡಿಸುವುದು ನನಗೆ ಒಪ್ಪಿಗೆಯಿಲ್ಲ, ಹಾಗೆ ಮಾಡಿದರೆ ಅದು ಪರೀಕ್ಷೆಯ ಫಲಿತಾಂಶದ ಪಟ್ಟಿಯಂತೆ ಕಾಣುತ್ತದೆ. ಸ್ಥಳದ ಪ್ರಕಾರ ಗುಂಪು ಮಾಡಿ: ಜಾತ್ರೆಯ ದಾರಗಳು ಒಂದು ಕಡೆ, ಕಾಲೇಜಿನವು ಇನ್ನೊಂದು ಕಡೆ. ನೂರು ದಾರಗಳ ನಡುವೆ ಬಿಳಿಯಾಗಿ ಉಳಿದವು ಎಷ್ಟು, ನೀಲಿಯಾದವು ಎಷ್ಟು ಎಂಬುದನ್ನು ಬಾಗಿಲಲ್ಲಿ ನಿಂತವರು ಒಂದೇ ನೋಟದಲ್ಲಿ ಕಾಣುತ್ತಾರೆ. ಗಳುವಿನ ಒಂದು ಮೂಲೆಯನ್ನು ಖಾಲಿ ಬಿಟ್ಟು, ಕೆಳಗೆ ನೂಲಿನ ಉಂಡೆ, ಕತ್ತರಿ ಮತ್ತು ಶಾಯಿಯ ಬಟ್ಟಲನ್ನು ಇಡಿ. ನೋಡಲು ಬಂದ ಅಪರಿಚಿತರಿಬ್ಬರು ಒಪ್ಪಿಕೊಂಡು ತಮ್ಮ ದಾರವನ್ನೂ ಕಟ್ಟಿ ಹೋಗುವಂತಿರಲಿ.